ಮಾವ ಮುಟ್ಟಬೇಡ ಎಂದ ಬಟನ್ನು

ಪ್ರೀತಿಯ ಮಾವ,

ನಿಮ್ಮ ಕಾರ್ ರೇಸಿನ ಆಟವನ್ನು ಹೊಗಳಬೇಕೋ ಬೈಯಬೇಕೋ ತಿಳಿಯದೆ ಈ ಪತ್ರ ಶುರು ಮಾಡಿದ್ದೇನೆ. ನೀವು ಹೋಗಿ ಎರಡು ತಿಂಗಳಾಯಿತು. ನಿನ್ನೆ ಮೈಲಾಪೂರಿನ ನಿಮ್ಮ ಮನೆಗೆ ಬಂದು, ಟಿವಿಯ ಮುಂದೆ ನಿಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅದನ್ನು ಮತ್ತೆ ಆಡಿದೆ.

ಮೊದಲ ಸಲ ಅದನ್ನು ತೋರಿಸಿದ ದಿನ ನೆನಪಿದೆಯಾ? ಊರಿಗೆಲ್ಲ ಡ್ರೈವಿಂಗ್ ಕಲಿಸಿದ ನಿಮಗೆ, ತಂಗಿಯ ಮಗಳು ಸ್ಟಿಯರಿಂಗ್ ಹಿಡಿಯಲು ನಾಚುತ್ತಾಳೆ ಎಂಬುದೇ ದೊಡ್ಡ ಅವಮಾನ. "ರೋಡಲ್ಲಿ ಎಲ್ಲರೂ ನೋಡ್ತಾರೆ ಅಂತ ತಾನೆ? ಇಲ್ಲಿ ಓಡಿಸಮ್ಮಾ, ನೋಡೋಕೆ ನಾನೊಬ್ಬನೇ" ಅಂದಿರಿ. ನಾನು ಆಡುವಾಗ ಎಡಗಡೆ ಕೂತು, ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಬಳಿ ಇರುವ ಆ ಎರಡನೇ ಬ್ರೇಕನ್ನು ಬರಿ ನೆಲದಲ್ಲಿ ತುಳಿಯುತ್ತಿದ್ದಿರಿ. ಒಮ್ಮೆ ಕಾಫಿ ಲೋಟವೇ ಉರುಳಿತು.

ಮಳೆಯ ಟ್ರ್ಯಾಕ್ ಆಡಿದ ದಿನ ನಿಮ್ಮ ಮುಖ ನೋಡಬೇಕಿತ್ತು. "ಒದ್ದೆ ರಸ್ತೇಲಿ ಹಿಂದಿನ ಚಕ್ರ ಹೇಗೆ ಜಾರುತ್ತೆ ನೋಡು, ಇಷ್ಟು ಚೆನ್ನಾಗಿ ನಾನೂ ಯಾರಿಗೂ ಹೇಳಿಕೊಟ್ಟಿಲ್ಲ." ಗೇರ್ ಬದಲಿಸಿದಾಗ ಎಂಜಿನ್ನಿನ ದನಿ ಬದಲಾಗುವುದನ್ನು ಕಣ್ಣು ಮುಚ್ಚಿ ಕೇಳುತ್ತಿದ್ದಿರಿ. ಆದರೆ ಮಿಕ್ಕ ಕಾರುಗಳ ಮೇಲೆ ಎಂಥ ಸಿಟ್ಟು! ನಾವು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಅವು ಬಂದು ಗುದ್ದುತ್ತವೆ, ದಂಡ ಮಾತ್ರ ನಮಗೆ. ನಾವು ಮುಂದೆ ಹೋದರೆ ಹಿಂದಿನವರಿಗೆ ಎಲ್ಲಿಂದಲೋ ವೇಗ ಬರುತ್ತದೆ. "ಡೇಯ್, ವೀಟ್ಲ ಸೊಲ್ಲಿಟ್ಟು ವಂದಿಯಾ?" ಎಂದು ಇಲ್ಲಿನ ಡ್ರೈವರುಗಳ ತಮಿಳಿನಲ್ಲಿ ಟಿವಿಗೆ ಕೂಗುತ್ತಿದ್ದಿರಿ. ಒಳಗಿನಿಂದ ಅತ್ತೆ, "ಅವನು ಮನೇಲಿ ಹೇಳಿಯೇ ಬಂದಿರ್ತಾನೆ. ನೀವು ತರಕಾರಿ ತರ್ತೀನಿ ಅಂತ ಹೇಳಿ ಇಲ್ಲೇ ಕೂತಿದ್ದೀರಿ" ಅನ್ನುತ್ತಿದ್ದರು.

ಕೊನೆಯ ಸಲ ಆಡಿದ್ದು ಒಂದು ಭಾನುವಾರ. ಅಪಘಾತವಾದರೆ ಕೆಲವು ಸೆಕೆಂಡು ಹಿಂದಕ್ಕೆ ಕರೆದೊಯ್ಯುವ ಬಟನ್ನು ಆ ಆಟದಲ್ಲಿದೆ. ಅದನ್ನು ಮುಟ್ಟಬಾರದು ಎಂಬುದು ನಿಮ್ಮ ಒಂದೇ ಕಾನೂನು. ಸೇತುವೆ ದಾಟಿದ ಕೂಡಲೇ ಬರುವ ತಿರುವಿನಲ್ಲಿ ಗೋಡೆಗೆ ಬಡಿದೆ. ಒತ್ತಿದೆ. ಗೆದ್ದೆ, ಮೊದಲ ಸಲ. "ಗೆದ್ದಿದ್ದು ಬಟನ್ನು, ನೀನಲ್ಲ. ಮೌಂಟ್ ರೋಡಲ್ಲಿ ಆ ಬಟನ್ ಎಲ್ಲಿದೆ ತೋರಿಸು" ಎಂದು ಟಿವಿ ಆರಿಸಿಬಿಟ್ಟಿರಿ. ಅದು ತಮಾಷೆಯೋ, ಸಿಟ್ಟೋ? ತಲೆ ಎತ್ತಿದ್ದರೆ ಗೊತ್ತಾಗುತ್ತಿತ್ತು. ನಾನು ನೆಲ ನೋಡುತ್ತಿದ್ದೆ. ಮುಂದಿನ ಭಾನುವಾರ ನಾನು ಬರಲಿಲ್ಲ. ಅದಾದ ಬುಧವಾರ ನೀವು...

ನಿನ್ನೆ ಆಡಿ ಮುಗಿಸಿ, ಸುಮ್ಮನೆ ದಾಖಲೆಯ ಪುಟ ತೆರೆದೆ. ಯಾರು ಎಷ್ಟು ಸಲ ಆ ಬಟನ್ ಒತ್ತಿದರು ಎಂಬುದನ್ನೂ ಆಟ ಬರೆದಿಟ್ಟುಕೊಳ್ಳುತ್ತದೆ. ನಿಮಗೆ ಗೊತ್ತಿತ್ತೇ? ನನ್ನ ಹೆಸರಿನ ಮುಂದೆ ಒಂದು. ನಿಮ್ಮ ಹೆಸರಿನ ಮುಂದೆ ಇನ್ನೂರ ಹನ್ನೊಂದು.

ಅತ್ತೆಯನ್ನು ಕರೆದು ತೋರಿಸಿದೆ. "ಮಧ್ಯಾಹ್ನ ಊಟ ಆದಮೇಲೆ ಅದೇ ಕೆಲಸ ಅಲ್ವಾ? ಅದೇ ತಿರುವು, ಅದೇ ಗೋಡೆ. ನಿನ್ನ ಎದುರಿಗೆ ಮಾನ ಹೋಗಬಾರದಲ್ಲ" ಎಂದು ನಕ್ಕರು. ನನಗೂ ನಗು ಬಂತು. ಆಮೇಲೆ ಸಿಟ್ಟು. ಆಮೇಲೆ ಏನು ಬಂತೋ ಹೆಸರಿಡಲಾರೆ. ಅಷ್ಟು ಸಲ ಒತ್ತಿದವರು, ಒಂದೇ ಸಲ ಒತ್ತಿದವಳ ಮೇಲೆ ನಿಜವಾಗಿ ಸಿಟ್ಟಾಗುತ್ತಾರೆಯೇ? ಅಥವಾ ಅಷ್ಟು ಸಲ ಒತ್ತಿದ್ದಕ್ಕೇ... ಕತೆಗಳಲ್ಲಿ ಯಾರು ಯಾಕೆ ಏನಂದರು ಎಂದು ಪುಟಗಟ್ಟಲೆ ಬರೆದು ಎಂ.ಎ. ಮುಗಿಸಿದವಳು ನಾನು. ನಿಮ್ಮ ಒಂದು ಮಾತು ಇನ್ನೂ ಅರ್ಥವಾಗಿಲ್ಲ.

ಅತ್ತೆ ಇನ್ನೊಂದು ವಿಷಯ ಹೇಳಿದರು. ನಾನು ಬಾರದ ಭಾನುವಾರ ನೀವು ಎರಡು ಕುರ್ಚಿ ಹಾಕಿ ಕಾದಿರಂತೆ. ನನಗೆ ಜ್ವರ ಎಂಬ ಮೆಸೇಜ್ ಓದಿ, "ಪಾಪ, ಮಲಗಲಿ" ಎಂದು ಒಂದನ್ನು ಎತ್ತಿಟ್ಟಿರಂತೆ.

ಮಾವ, ನನಗೆ ಜ್ವರ ಬಂದಿರಲಿಲ್ಲ. ಆ ಭಾನುವಾರ ನಿಮ್ಮಲ್ಲಿಗೆ ಬರಲು ವೇಲಚೇರಿ ಸ್ಟೇಷನ್ನಿನಲ್ಲಿ ಟಿಕೆಟ್ ತೆಗೆದುಕೊಂಡು ನಿಂತಿದ್ದೆ. ರೈಲು ಬಂತು, ಬಾಗಿಲು ನನ್ನೆದುರಿಗೇ ನಿಂತಿತು. ಹತ್ತಲಿಲ್ಲ. ಜ್ವರ ಎಂದು ಬರೆದದ್ದು ಆ ರೈಲು ಹೋದ ಮೇಲೆ.