ರಘುರಾಮನ ಚೀಲಗಳು

೧೪ ಜುಲೈ ೨೦೦೫, ಗುರುವಾರ

ಕಾಲುವೆಯ ಹಳೇ ಏರಿಗೆ ಇಂದು ಮರಳುಮೂಟೆ ಪೇರಿಸಿದರು. ಎಲ್ಲವೂ ರಘುರಾಮ ಕೊಟ್ಟ ಖಾಲಿ ಅಕ್ಕಿಚೀಲಗಳು. ಒಂದೊಂದರ ಮೇಲೂ ಅವನ ಹೋಟೆಲಿನ ಹೆಸರು, ಕೆಂಪಕ್ಷರದಲ್ಲಿ. ಸಾಲ್ಟ್ ಲೇಕ್ ಬಡಾವಣೆಯ ಕಂಪ್ಯೂಟರ್ ಆಫೀಸಿನವರೆಲ್ಲ ಬಸ್ಸಿನಿಂದಲೇ ಓದಿಕೊಂಡು ಹೋಗುತ್ತಾರೆ. ನನ್ನ ಹೋಟೆಲಿನ ಚೀಲಗಳನ್ನು ನಾನು ಹೋದ ತಿಂಗಳಷ್ಟೇ ಗುಜರಿಯವನಿಗೆ ಮಾರಿ ಜಾಣನೆನಿಸಿಕೊಂಡಿದ್ದೆ!

ಸಂಜೆ ನಾನೂ ಮೂಟೆ ಹೊತ್ತೆ. ಕೈಗೆ ಬಂದದ್ದನ್ನೆಲ್ಲ ಹೆಸರು ಅಡಿಗೆ ಹೋಗುವಂತೆ ಮಗುಚಿಟ್ಟೆ. ರಘುರಾಮ ನೋಡಿಯೇಬಿಟ್ಟ.

"ಹೆಸ್ರು ಎಲ್ಲಿ ಬೇಕಾದ್ರೂ ಇರ್ಲಿ ಮಾರಾಯ್ರೆ, ಮೂಟೆ ಸಮ ಕೂರ್ಸಿ. ಏರಿ ಒಡೆದ್ರೆ ನೀರು ಮೊದ್ಲು ನುಗ್ಗುದು ನಿಮ್ಮ ಅಡಿಗೆಮನೆಗೇ," ಎಂದು ನಕ್ಕ.

ನಿಜವೇ. ಮಗುಚಿದ್ದನ್ನೆಲ್ಲ ಮತ್ತೆ ನೆಟ್ಟಗೆ ಕೂರಿಸಿ ಬಂದೆ.

ಈಗ ಮಳೆ ಜೋರಾಗಿದೆ. ಅವನ ಒಂದು ಚೀಲವೂ ಹರಿಯದಿರಲೆಂದು ಕೃಷ್ಣನಲ್ಲಿ ಬೇಡಿಕೊಂಡೆ. ಹೊಟ್ಟೆ ಉರಿಯುತ್ತಿದೆ. ಇನ್ನೊಮ್ಮೆ ಬೇಡಿಕೊಂಡೇ ಮಲಗಬೇಕು.