ಗೋಡೆಯ ಡಬ್ಬಿಗೆ ನಗುವ ಕೂಸು

ಶಿಶುಪಾಲನಾ ಕೇಂದ್ರಗಳ ಮಾನ್ಯ ನಿರ್ದೇಶಕರೇ,

ಆಯಾಗಳು ಕೂಸುಗಳೊಂದಿಗೆ ಮಾತನಾಡಕೂಡದು, ಅವರ ಉಚ್ಚಾರಣೆ ಶುದ್ಧವಿಲ್ಲ, ಇನ್ನು ಮುಂದೆ ಮಾತು ಹಾಡೆಲ್ಲ ಗೋಡೆಯ ಸ್ಪೀಕರಿನಿಂದಲೇ ಬರತಕ್ಕದ್ದು ಎಂಬ ತಮ್ಮ ಆದೇಶವನ್ನು ಎರಡು ಸಲ ಓದಿದೆ. ಮೊದಲ ಸಲ ನಗು ಬಂತು, ಎರಡನೇ ಸಲ ಮೈ ಉರಿಯಿತು. ಏಳು ತಿಂಗಳ ನನ್ನ ಮೊಮ್ಮಗಳಿಗೆ ಇನ್ನೂ ಹಲ್ಲೇ ಬಂದಿಲ್ಲ. ಅವಳಿಗೆ ಅಲ್ಪಪ್ರಾಣ ಮಹಾಪ್ರಾಣದ ಚಿಂತೆ ಯಾಕೆ ಸ್ವಾಮಿ?

ನಾನು ಮೂವತ್ತೊಂದು ವರ್ಷ ಚಿತ್ರಮಂದಿರದಲ್ಲಿ ರೀಲು ಓಡಿಸಿದವನು. ತುಟಿಗೂ ದನಿಗೂ ಚೂರು ತಾಳ ತಪ್ಪಿದರೆ ಸಾಕು, ಮುಂದಿನ ಸಾಲಿನವರು ಶಿಳ್ಳೆ ಹೊಡೆದು ನನ್ನ ಮಾನ ಹರಾಜು ಹಾಕುತ್ತಿದ್ದರು. ಕೂಸುಗಳು ಅವರಿಗಿಂತ ಖಡಕ್ ಪ್ರೇಕ್ಷಕರು. ಕಣ್ಣಿಗೆ ಕಂಡ ಬಾಯನ್ನೂ ಕಿವಿಗೆ ಬಿದ್ದ ದನಿಯನ್ನೂ ಆ ಪುಟ್ಟ ಮಿದುಳು ಒಂದಕ್ಕೊಂದು ಹೊಂದಿಸಿ, ‘ಓಹೋ, ಇದು ಇವಳ ಮಾತು’ ಎಂದು ತೀರ್ಮಾನಿಸುತ್ತದೆ. ತಾವೋ ಬಾಯನ್ನು ಒಂದು ಕಡೆ ಉಳಿಸಿ, ದನಿಯನ್ನು ಗೋಡೆಗೆ ವರ್ಗಾವಣೆ ಮಾಡಿಬಿಟ್ಟಿರಿ!

ಫಲ ಕೇಳಿ. ಕಳೆದ ಗುರುವಾರ ಸಂಜೆ ನನ್ನ ಮಗಳು ಕೆಲಸ ಮುಗಿಸಿ ನನ್ನೊಂದಿಗೆ ಕೇಂದ್ರಕ್ಕೆ ಬಂದು, ಬಾಗಿಲಲ್ಲೇ ನಿಂತು “ಪುಟ್ಟೀ, ಅಮ್ಮ ಬಂದೆ ನೋಡು” ಅಂದಳು. ಕೂಸು ಬಾಗಿಲ ಕಡೆ ತಿರುಗಲೇ ಇಲ್ಲ. ಕತ್ತೆತ್ತಿ ಗೋಡೆಯ ಡಬ್ಬಿ ನೋಡಿ ಬಾಯಿ ತುಂಬ ನಕ್ಕಿತು.

“ಅಪ್ಪಾ, ಇವಳಿಗೆ ನಾನ್ಯಾರು ಅಂತಾನೇ ಗೊತ್ತಿಲ್ವಲ್ಲಪ್ಪಾ” ಎಂದು ಮಗಳು ಅತ್ತೇಬಿಟ್ಟಳು. ಅಷ್ಟರಲ್ಲಿ ಆಯಾ ಎದ್ದು ಹೋಗಿ ಸ್ಪೀಕರಿನ ತಂತಿ ಕಿತ್ತು, “ಅಳ್ಬೇಡಮ್ಮ, ಮುಖದ ಹತ್ರ ಮುಖ ತಂದು ಮಾತಾಡು” ಅಂದಳು. ಮಗಳು ಹಾಗೇ ಮಾಡಿದಳು. ಕೂಸು ಅವಳ ತುಟಿಯನ್ನೇ ದಿಟ್ಟಿಸಿ, ಆ ಬಾಯಿಗೇ ಬೆರಳು ತೂರಿಸಿ, ಕೊನೆಗೆ ಕೇಕೆ ಹಾಕಿತು.

ಇದಕ್ಕಾಗಿ ಆಯಾಗೆ ನೋಟಿಸು: ‘ಕರ್ತವ್ಯದ ವೇಳೆ ಮಾತನಾಡಿದ್ದು, ಕೇಂದ್ರದ ಸ್ವತ್ತಿನ ಬಾಯಿ ಮುಚ್ಚಿಸಿದ್ದು.’ ಸೋಮವಾರ ವಿಚಾರಣೆಯಂತೆ, ಕೆಲಸವೂ ಹೋಗಬಹುದಂತೆ. ಹನ್ನೆರಡು ವರ್ಷದಿಂದ ಕೂಸುಗಳಿಗೆ ಮಾತು ಕಲಿಸಿದ ಬಾಯಿ ಅದು. ಆದೇಶ ಬರೆದ ಮಹನೀಯರೇನು ಶುದ್ಧ ಉಚ್ಚಾರಣೆಯೊಂದಿಗೇ ಹುಟ್ಟಿದರೋ?

ನೋಟಿಸು ಹಿಂಪಡೆಯಿರಿ, ಆಯಾಗಳಿಗೆ ಮಾತು ಮರಳಿಸಿ. ಸಂಶಯವಿದ್ದರೆ ವಿಚಾರಣೆಯನ್ನು ಕೂಸುಗಳ ಕೋಣೆಯಲ್ಲೇ ನಡೆಸಿ. ಒಂದು ಮೂಲೆಯಲ್ಲಿ ತಾವು ನೆಲಕ್ಕೆ ಕೂತು ತಮ್ಮ ಆದೇಶವನ್ನು ಶುದ್ಧವಾಗಿ ಓದಿ. ಇನ್ನೊಂದು ಮೂಲೆಯಲ್ಲಿ ಆಯಾ “ಬಾ ಚಿನ್ನ” ಅನ್ನಲಿ. ಕೂಸುಗಳು ಯಾರ ಕಡೆ ಅಂಬೆಗಾಲಿಡುತ್ತವೋ ಅದೇ ತೀರ್ಪು. ಒಪ್ಪಿಗೆಯೇ?

ಇಂತಿ,
ಮೊಮ್ಮಗಳೆದುರು ದಿನವೂ ಅಶುದ್ಧವಾಗಿ ಹರಟುವ ಅಪರಾಧಿ ತಾತ