ದ್ಯಾಮಕ್ಕನ ಆರು ಡಬ್ಬಗಳು

ಹುಬ್ಬಳ್ಳಿ
ಶ್ರಾವಣದ ಮೂವತ್ತೆರಡನೆಯ ದಿನ, ಕ್ರಿ.ಶ. 2158

ತಡಕೋಡ ಖಾನಾವಳಿಯ ಮಾಲಕಿ ಶಿವಲೀಲಕ್ಕನವರಿಗೆ, ಅದೇ ಖಾನಾವಳಿಯ ಉಗ್ರಾಣ ನೋಡಿಕೊಳ್ಳುವ ನೀಲಗಂಗಾ ಮಾಡುವ ಶರಣು ಶರಣಾರ್ಥಿ.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳನ್ನು ಹಿಗ್ಗಿಸಿದ್ದಾರೆ. ಯಾಕೆಂದು ಕೇಳಿದರೆ ನನಗೂ ಸರಿಯಾಗಿ ಹೇಳಲು ಬರುವುದಿಲ್ಲ. ಈ ಕಾಗದ ಹಿನ್ನಂಚೆಯಲ್ಲಿ ಬರುತ್ತಿದೆ, ಅಂದರೆ ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ಟಪಾಲಿನಲ್ಲಿ. ಒಬ್ಬರಿಗೆ ಜನ್ಮದಲ್ಲಿ ಒಂದೇ ಕಾಗದ. ನನ್ನ ಗೆಳತಿಯರು ತಮ್ಮ ಪಾಲಿನದನ್ನು ರಾಜರಿಗೆ, ಪಂಡಿತರಿಗೆ ಬರೆದು ಮುಗಿಸಿದರು. ನಾನು ನಿಮಗೆ ಬರೆಯುತ್ತಿದ್ದೇನೆ. ನೂರಮೂವತ್ತು ವರ್ಷದಲ್ಲಿ ಮಾತೂ ಸವೆದಿದೆ, ಎಲ್ಲಾದರೂ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ವಿಷಯ ತುರ್ತಿನದು. ನಾಳೆ ಶನಿವಾರ ನೀವು ಅಡುಗೆಯ ದ್ಯಾಮಕ್ಕನನ್ನು ಕೆಲಸದಿಂದ ಬಿಡಿಸಬೇಕೆಂದಿದ್ದೀರಿ. ಬಿಡಿಸಬೇಡಿ.

ನನಗೆ ಹೇಗೆ ಗೊತ್ತೆಂದರೆ, ನಿಮ್ಮ ನೋಟುಪುಸ್ತಕ ಇನ್ನೂ ನಮ್ಮ ಉಗ್ರಾಣದಲ್ಲಿದೆ. ಅದರಲ್ಲಿ ನೀವು ಸಿಟ್ಟಿನಿಂದ ಒತ್ತಿ ಬರೆದಿದ್ದೀರಿ: "ಹಿಟ್ಟು ಕದ್ದಾಳ. ಸೆನ್ಸರ್ ಸುಳ್ಳ ಹೇಳಂಗಿಲ್ಲ. ಶನಿವಾರ ಕಳಸಿಬಿಡೂದು." ಮುಂದಿನ ಪುಟಗಳನ್ನು ಹುಳ ತಿಂದಿದೆ. ಆಮೇಲೆ ನೀವು ಏನು ಮಾಡಿದಿರಿ, ಯಾಕೆ ಮಾಡಿದಿರಿ ಎಂಬುದು ಅಲ್ಲಿಲ್ಲ. ನಡೆದದ್ದು ನಡೆಯಬೇಕಾದರೆ ಬರೆಯಬೇಕಾದವರು ಬರೆಯಲೇಬೇಕು ಎನ್ನುತ್ತಾರೆ ಹಿನ್ನಂಚೆಯವರು. ಆ ಮಾತನ್ನು ಪರೀಕ್ಷಿಸುವ ಧೈರ್ಯ ನನಗಿಲ್ಲ.

ಸೆನ್ಸರ್ ಸುಳ್ಳು ಹೇಳಿಲ್ಲ, ದ್ಯಾಮಕ್ಕ ಕದ್ದೂ ಇಲ್ಲ. ಜೋಳದ ಹಿಟ್ಟಿನ ಆರು ಡಬ್ಬಗಳ ತಳದಲ್ಲಿ ನೀವು ಒಂದೊಂದು ಸೆನ್ಸರ್ ಕೂರಿಸಿದ್ದೀರಿ. ಅವಕ್ಕೆ ಬರುವುದು ಎರಡೇ ಮಾತು, ಇದೆ ಅಥವಾ ಇಲ್ಲ. ಒಂದು ಡಬ್ಬ 'ಇಲ್ಲ' ಅಂದ ಕೂಡಲೇ ಗಿರಣಿಗೆ ಸುದ್ದಿ ಹೋಗಬೇಕು, ಉಳಿದ ಐದು ಖಾಲಿಯಾಗುವುದರೊಳಗೆ ಹೊಸ ಹಿಟ್ಟು ಬರಬೇಕು. ಲೆಕ್ಕ ಸರಿಯೇ. ಆದರೆ ಅನ್ನ ಕೊಡುವ ಮನೆಯಲ್ಲಿ ಬರಿದಾದ ಡಬ್ಬ ಕಣ್ಣಿಗೆ ಬೀಳಬಾರದು ಎಂಬುದು ದ್ಯಾಮಕ್ಕನ ರೂಢಿ. ಒಂದು ತಗ್ಗಿದರೆ ಪಕ್ಕದ್ದರಿಂದ ನಾಲ್ಕು ಬೊಗಸೆ ತೆಗೆದು ಅದಕ್ಕೆ ಹಾಕುತ್ತಾಳೆ. ಹೀಗೆ ಆರೂ ಡಬ್ಬ ಒಟ್ಟಿಗೇ ಇಳಿಯುತ್ತವೆ. ಮೊನ್ನೆ ಮುಂಜಾನೆ ಆರೂ 'ಇದೆ' ಅಂದವು, ಮಧ್ಯಾಹ್ನ ಪಂಕ್ತಿಯ ನಡುವೆ ಆರೂ ಒಮ್ಮೆಲೇ 'ಇಲ್ಲ' ಅಂದವು. ರೊಟ್ಟಿಯಿಲ್ಲದೆ ಎದ್ದುಹೋದ ಗಿರಾಕಿಗಳ ಮುಖ ನೋಡಿ ನಿಮಗೆ ಅವಮಾನವಾಯಿತು. ನನಗೂ ಆಗುತ್ತಿತ್ತು. ಆದರೆ ಕಳ್ಳತನ ಆಗಿಲ್ಲ, ಅಕ್ಕಾರ. ನೀವು ಅವಳನ್ನು ಕೇಳಲಿಲ್ಲ, ಅಷ್ಟೇ. ಅವಳೂ ಸ್ವಾಭಿಮಾನಿ, ಕಳ್ಳಿ ಅಂದಮೇಲೆ ಬಾಯಿ ಬಿಡಲಿಲ್ಲ.

ಈಗ ನಮ್ಮ ಕಾಲದ ಸುದ್ದಿ ಕೇಳಿ, ಎದೆಯುಬ್ಬಿಸಿಕೊಂಡೇ ಹೇಳುತ್ತೇನೆ. ನಿಮ್ಮ ಸೆನ್ಸರಿಗೆ ನಾವು ಅರಿಮಣಿ ಎನ್ನುತ್ತೇವೆ, ಸಾಸಿವೆ ಕಾಳಿಗಿಂತ ತುಸು ದೊಡ್ಡದು. ಹಿಟ್ಟಿನಲ್ಲಿ, ಬೇಳೆಯಲ್ಲಿ, ಶೇಂಗಾ ಹಿಂಡಿಯ ಭರಣಿಯಲ್ಲಿ, ಎಲ್ಲೆಲ್ಲೂ ಒಂದೊಂದು ಇರುತ್ತದೆ. ಎಷ್ಟಿದೆ, ಹಸಿಯಾಯಿತೇ, ಮುಗ್ಗಲು ಹಿಡಿಯಿತೇ, ಎಲ್ಲ ಹೇಳುತ್ತದೆ. ಬದನೆಕಾಯಿ ನಾಳೆ ಬಾಡುತ್ತದೆಂದು ಇವತ್ತೇ ಗೊಣಗುತ್ತದೆ, ನಾನು ಗದರಿಸಿ ಎಣ್ಣೆಗಾಯಿ ಮಾಡಿಸುತ್ತೇನೆ. ಎಲ್ಲಕ್ಕಿಂತ ದೊಡ್ಡದು ಇದು: ಊರಿನ ಇನ್ನೂರ ಹನ್ನೆರಡು ಖಾನಾವಳಿಗಳ ಅರಿಮಣಿಗಳು ಒಂದರ ಜೊತೆ ಒಂದು ಮಾತಾಡಿಕೊಳ್ಳುತ್ತವೆ. ಒಂದು ಉಗ್ರಾಣ ತಗ್ಗಿದರೆ ಇನ್ನೊಂದರಿಂದ ಚೀಲ ತಾನಾಗಿ ಹೊರಡುತ್ತದೆ. ಯಾರ ಡಬ್ಬವೂ ಬರಿದಾಗುವುದಿಲ್ಲ. ಈ ಪದ್ಧತಿಗೆ ನಾವು ಇಟ್ಟ ಹೆಸರು 'ದ್ಯಾಮಕ್ಕನ ಸಮಪಾಲು'. ನೀವು ಕಳ್ಳತನವೆಂದು ತಿಳಿದದ್ದನ್ನೇ ಇಡೀ ಊರು ಕಲಿತಿದೆ.

ಕಳೆದ ವಾರ ಹಳಿ ಕುಸಿದು ಹದಿನಾಲ್ಕು ರೈಲುಗಳು ಇಲ್ಲೇ ನಿಂತವು. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತು ಸಾವಿರ ಜನ ಬೀದಿಯಲ್ಲಿ. ನಿಮ್ಮ ಕಾಲದಲ್ಲಾಗಿದ್ದರೆ ಅರ್ಧ ಖಾನಾವಳಿಗಳು ಬಾಗಿಲು ಹಾಕಿಕೊಳ್ಳುತ್ತಿದ್ದವು. ನಾವು ಹಾಕಲಿಲ್ಲ. ನೇಕಾರ ನಗರದಲ್ಲಿ ಹಿಟ್ಟು ತಗ್ಗಿತೆಂದು ಮಣಿಗಳು ಹೇಳುವಷ್ಟರಲ್ಲಿ ಗೋಕುಲ ರಸ್ತೆಯ ಚೀಲಗಳು ಅಲ್ಲಿ ತಲುಪಿದ್ದವು. ಬಳ್ಳಾರಿ ಕಡೆಯ ಮುದುಕರೊಬ್ಬರು ತಾಟಿನ ಮುಂದೆ ಕುಳಿತು, "ಇನ್ನೊಂದ್ ರೊಟ್ಟಿ ಕೇಳಿದ್ರ ಸಿಗತೈತೇನವಾ?" ಎಂದು ಸಂಕೋಚದಿಂದ ಕೇಳಿದರು. ಐದು ಬಿಸಿ ರೊಟ್ಟಿ ಹಾಕಿಸಿದೆ. ಸಂಜೆಯ ಹೊತ್ತಿಗೆ ಒಬ್ಬರೂ ಹಸಿದು ಉಳಿಯಲಿಲ್ಲ, ಒಂದು ಮುಷ್ಟಿ ಹಿಟ್ಟೂ ಹಾಳಾಗಲಿಲ್ಲ. ನಾನು ಉಗ್ರಾಣದ ಬಾಗಿಲಲ್ಲಿ ಕುಳಿತು ಸಂತೋಷಕ್ಕೆ ಅತ್ತುಬಿಟ್ಟೆ, ನಾಚಿಕೆಯೇನಿಲ್ಲ.

ಇಷ್ಟು ಓದಿ ನನ್ನನ್ನು ನಿಮ್ಮ ವಂಶದ ಕುಡಿಯೆಂದು ತಿಳಿದಿರಬಹುದು. ಅಲ್ಲ. ನಿಮ್ಮ ಮನೆಯವರು ಇಂದಿಗೂ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾರೆ, ಒಳ್ಳೆಯ ಜನ. ನಾನು ದ್ಯಾಮಕ್ಕನ ಐದನೆಯ ತಲೆಮಾರಿನವಳು, ಡಬ್ಬಗಳ ಕಥೆ ನನಗೆ ನಮ್ಮ ಮನೆಯ ಹೆಂಗಸರ ಬಾಯಿಂದಲೇ ಬಂದದ್ದು. ನಾಳೆ ಅವಳು ಕಳ್ಳಿಯೆಂಬ ಹೆಸರು ಹೊತ್ತು ಆ ಹೊಸ್ತಿಲು ದಾಟಿದರೆ ಅವಳ ಮಗಳು ಈ ಅಡುಗೆಮನೆಗೆ ಕಾಲಿಡುವುದಿಲ್ಲ, ಅವಳ ಮೊಮ್ಮಗಳೂ ಇಲ್ಲ, ನಾನೂ ಇಲ್ಲ.

ಹೆಚ್ಚೇನೂ ಕೇಳುವುದಿಲ್ಲ. ನಾಳೆ ಅವಳನ್ನು ಡಬ್ಬಗಳ ಮುಂದೆ ಕರೆದು, "ದ್ಯಾಮಕ್ಕ, ಹಿಟ್ಟ ಹ್ಯಾಂಗ ತಗೀತಿ, ನನಗೂ ಒಮ್ಮಿ ತೋರಸವಾ" ಅನ್ನಿ. ಅವಳು ತೋರಿಸುತ್ತಾಳೆ. ನೀವು ಅವಸರ ಮಾಡದೆ ಕೊನೆಯ ಬೊಗಸೆಯವರೆಗೂ ನೋಡಿ.